ಆಂಗ್ರೆಯವರ ಕಡಲು

1712ರ ನವೆಂಬರ್ ಮೊದಲ ವಾರ. ಮಳೆಗಾಲದ ಕಡಲು ತಣ್ಣಗಾಗಿ ಹಾಯಿ ಹಡಗುಗಳು ಮತ್ತೆ ಓಡಾಡತೊಡಗಿದ್ದ ಹೊತ್ತು. ಕಾರವಾರದ ಈಸ್ಟ್ ಇಂಡಿಯಾ ಕಂಪನಿ ಕೋಠಿಯಿಂದ ಎರಡು ಹಡಗುಗಳು ಮುಂಬಯಿಯತ್ತ ಹೊರಟಿದ್ದವು. ಒಂದು ಸರಕು ತುಂಬಿದ ‘ಆ್ಯನ್’. ಇನ್ನೊಂದು ಅದರ ಕಾವಲಿಗೆಂದು ಬಂದಿದ್ದ, ತೋಪುಗಳಿದ್ದ ಮುಂಬಯಿ ಗವರ್ನರನ ಹಡಗು. ಕಾರವಾರ ಕೋಠಿಯ ಮುಖ್ಯಸ್ಥ ಥಾಮಸ್ ಚೌನ್ ಮತ್ತು ಅವನ ಹೆಂಡತಿ ಕ್ಯಾಥರಿನ್ ಈ ಪಯಣದಲ್ಲಿದ್ದರು. ಕ್ಯಾಥರಿನ್‌ಗೆ ಹದಿನೆಂಟರ ಆಸುಪಾಸು. ಮೂರು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ಬಂಗಾಳಕ್ಕೆ ಹೊರಟಿದ್ದ ಹುಡುಗಿ ಅವಳು. ಹಡಗು ಕಾರವಾರದಲ್ಲಿ ತಂಗಿದಾಗ ಆಗಿನ ಕೋಠಿ ಮುಖ್ಯಸ್ಥ, ವಯಸ್ಸಾದ ಜಾನ್ ಹಾರ್ವೆ, ಹೆಣ್ಣು ಕೇಳಿ ಅವಳನ್ನು ಮದುವೆಯಾಗಿದ್ದ. ಅವನು ತೀರಿಕೊಂಡ ಮೇಲೆ ಚೌನ್‌ನ ಕೈಹಿಡಿದಿದ್ದಳು.

ದಾರಿಯಲ್ಲಿ ನಾಲ್ಕು ಗುರಾಬು ಹಡಗುಗಳು ಇವರನ್ನು ಅಡ್ಡಗಟ್ಟಿದವು. ಗುಂಡೇಟಿಗೆ ಚೌನ್‌ನ ತೋಳು ಹಾರಿಹೋಯಿತು. ನೆತ್ತರು ನಿಲ್ಲದೆ ಅವನು ಹೆಂಡತಿಯ ಕೈಯಲ್ಲೇ ಪ್ರಾಣಬಿಟ್ಟ. ಎರಡೂ ಹಡಗುಗಳು ಸೆರೆಯಾದವು. ಬಸುರಿ ಕ್ಯಾಥರಿನ್ ಅಲೀಬಾಗಿನ ಎದುರಿನ ಕೊಲಾಬಾ ಕೋಟೆಯಲ್ಲಿ ಕೈದಿಯಾದಳು. ಮರುವರ್ಷ ಫೆಬ್ರವರಿಯಲ್ಲಿ ಮುಂಬಯಿಯವರು 30,000 ರೂಪಾಯಿ ತೆತ್ತು ಅವಳನ್ನು ಬಿಡಿಸಿಕೊಂಡು ಹೋದರು.

ಆ ಗುರಾಬುಗಳು ಕಾನ್ಹೋಜಿ ಆಂಗ್ರೆಯವು. ಇಂಗ್ಲಿಷರ ಕಾಗದಪತ್ರಗಳಲ್ಲಿ ಈ ಹೆಸರು ‘ಆಂಗ್ರಿಯಾ’ ಎಂದಾಗಿ, ಅದರ ಬೆನ್ನಿಗೇ ‘ಕಡಲ್ಗಳ್ಳ’ ಎಂಬ ಮಾತೂ ಅಂಟಿಕೊಂಡಿತು. ಸುಮಾರು ಅರುವತ್ತು ವರ್ಷ, ಅಪ್ಪ, ಮಕ್ಕಳ ಕಾಲದುದ್ದಕ್ಕೂ, ಮುಂಬಯಿಯಿಂದ ಕೆಳಕ್ಕೆ ಮಲಬಾರಿನವರೆಗೆ ವ್ಯಾಪಾರಿ ಹಡಗುಗಳನ್ನು ನಡೆಸುವವರು ಲಂಗರು ಎತ್ತುವ ಮುನ್ನ ನೆನೆಯುತ್ತಿದ್ದ ಹೆಸರು ಇದು. ಚೌನ್‌ನ ಸಾವು ಕ್ರೂರವಾದದ್ದು, ಅದನ್ನು ಮರೆಮಾಚುವ ಕಾರಣ ನನಗಿಲ್ಲ. ಆದರೆ ಕಡಲ್ಗಳ್ಳ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಯಾಕೆಂದರೆ ಆ ನೀರು ಯಾರದು ಎಂಬುದೇ ಆಗ ತೀರ್ಮಾನವಾಗಬೇಕಾಗಿದ್ದ ಪ್ರಶ್ನೆ.

ಮನೆತನದ ಮೂಲ ಹೆಸರು ಸಂಕಪಾಳ. ಪುಣೆಯ ಕಡೆಯ ಆಂಗರವಾಡಿ ಎಂಬ ಹಳ್ಳಿಯಿಂದ ಆಂಗ್ರೆ ಎಂದಾಯಿತು. ಹಾಗೆ ನೋಡಿದರೆ ಘಟ್ಟದ ಮೇಲಿನ ಜನ, ಉಪ್ಪುನೀರಿನವರಲ್ಲ. ಅವರನ್ನು ಕಡಲಿಗೆ ಇಳಿಸಿದ್ದು ಶಿವಾಜಿಯ ನೌಕಾಪಡೆ. 1650ರ ದಶಕದ ಕೊನೆಯಲ್ಲಿ ಕಲ್ಯಾಣ, ಭಿವಂಡಿಯ ಖಾರಿಗಳಲ್ಲಿ ಹಡಗು ಕಟ್ಟಲು ತೊಡಗಿದ ಶಿವಾಜಿ, 1665ರ ಫೆಬ್ರವರಿಯ ಹೊತ್ತಿಗೆ ಎಂಬತ್ತಕ್ಕೂ ಹೆಚ್ಚು ನೌಕೆಗಳನ್ನು ಕಟ್ಟಿಕೊಂಡು ನಮ್ಮ ಬಸ್ರೂರಿನವರೆಗೆ ಬಂದು ಪೇಟೆ ದೋಚಿ, ಗೋಕರ್ಣದಲ್ಲಿ ಮಿಂದು ಮರಳಿದ್ದ. ಕಡಲತೀರದ ಕೋಳಿ, ಭಂಡಾರಿ ಜನರ ಕಸುಬುದಾರಿಕೆಯೇ ಆ ಪಡೆಯ ಬೆನ್ನೆಲುಬು. ಅದೇ ಪಡೆಯಲ್ಲಿ ತುಕೋಜಿ ಆಂಗ್ರೆ ಸೇವೆಗೆ ಸೇರಿದ. ಹರ್ಣೈ ಬಂದರಿನ ಎದುರು, ನೀರಿನ ನಡುವೆ ನಿಂತಿರುವ ಸುವರ್ಣದುರ್ಗ ಅವನ ಠಾಣೆ. 1669ರಲ್ಲಿ ಹುಟ್ಟಿದ ಮಗ ಕಾನ್ಹೋಜಿ ಹಡಗು, ಕೋಟೆ, ಉಬ್ಬರ ಇಳಿತಗಳ ನಡುವೆಯೇ ಬೆಳೆದ.

ಅವನ ಹೆಸರು ಮೊದಲು ಮೇಲೆ ಬಂದದ್ದೂ ಈ ಕೋಟೆಯಿಂದಲೇ. ಜಂಜೀರೆಯ ಸಿದ್ದಿಗಳು ಸುವರ್ಣದುರ್ಗವನ್ನು ಮುತ್ತಿದಾಗ ಕಿಲ್ಲೇದಾರನೇ ಶತ್ರುವಿನ ಜೊತೆ ಒಳಗೊಳಗೆ ಮಾತಾಡಿಕೊಂಡಿದ್ದ, ಹರೆಯದ ಕಾನ್ಹೋಜಿ ಅವನನ್ನು ಹಿಡಿದುಹಾಕಿ ಕೋಟೆಯನ್ನು ತಾನೇ ಉಳಿಸಿಕೊಂಡ ಎಂದು ಕೊಂಕಣದಲ್ಲಿ ಹೇಳುತ್ತಾರೆ. ಆಮೇಲಿನ ವರ್ಷಗಳು ಮರಾಠರಿಗೆ ತೀರಾ ಕೆಟ್ಟವು. 1689ರಲ್ಲಿ ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಕೊಲ್ಲಿಸಿದ, ರಾಯಗಡ ಬಿತ್ತು. ರಾಜಾರಾಮ ಕೆಳದಿಯ ಚೆನ್ನಮ್ಮಾಜಿಯ ಆಸರೆಯಲ್ಲಿ ದಾಟಿಕೊಂಡು ದೂರದ ಜಿಂಜಿ ಸೇರಿದ. ಅರಸನೇ ಊರಲ್ಲಿಲ್ಲದ ಆ ಹೊತ್ತಿನಲ್ಲಿ ತೀರದ ಕೋಟೆಗಳನ್ನು ಒಂದೊಂದಾಗಿ ಹಿಡಿದಿಟ್ಟುಕೊಂಡವನು ಕಾನ್ಹೋಜಿ. ನೌಕಾಪಡೆಯ ಮುಖ್ಯಸ್ಥ ಸಿಧೋಜಿ ಗುಜರ 1698ರಲ್ಲಿ ತೀರಿಕೊಂಡಾಗ ಆ ಪಟ್ಟ ಇವನಿಗೆ ಬಂತು. ಪಟ್ಟದ ಹೆಸರು ಸರಖೇಲ. ಮುಂದೆ ಮನೆತನದ ಹೆಸರಿನ ಜೊತೆಗೇ ಬೆರೆತುಹೋದ ಮಾತು ಅದು.

ಕಾನ್ಹೋಜಿಯ ಶಕ್ತಿ ಎಲ್ಲಿತ್ತು ಎಂದು ತಿಳಿಯಬೇಕಾದರೆ ಅವನ ಹಡಗುಗಳನ್ನು ನೋಡಬೇಕು. ಅವನಲ್ಲಿ ಇದ್ದದ್ದು ಮುಖ್ಯವಾಗಿ ಎರಡು ಬಗೆ, ಗುರಾಬು ಮತ್ತು ಗಲಬತು. ಗುರಾಬು ಎರಡು ಅಥವಾ ಮೂರು ಕೂವೆಮರದ, ನೂರೈವತ್ತರಿಂದ ಮುನ್ನೂರು ಟನ್ನಿನ, ಅಗಲವಾದ ಹಡಗು. ತಳ ಆಳವಿಲ್ಲ. ಮೂತಿ ಉದ್ದಕ್ಕೆ ಚಾಚಿಕೊಂಡು ತಗ್ಗಾಗಿರುತ್ತಿತ್ತು. ಯುರೋಪಿನ ಹಡಗುಗಳ ದೊಡ್ಡ ತೋಪುಗಳೆಲ್ಲ ಪಕ್ಕೆಯಲ್ಲಿದ್ದರೆ ಗುರಾಬಿನ ಮುಖ್ಯ ತೋಪುಗಳು ಮುಂದಕ್ಕೇ ಮುಖ ಮಾಡಿರುತ್ತಿದ್ದವು. ಗಲಬತು ಎಪ್ಪತ್ತು ಟನ್ನಿನ ಒಳಗಿನದು. ನಲವತ್ತು ಐವತ್ತು ಹುಟ್ಟುಗಳು, ಹಗುರ ತೋಪುಗಳು, ಕತ್ತಿ ಹಿರಿದು ಹಾರಲು ಕಾದಿರುವ ಜನ.

ಈ ಎರಡನ್ನು ಒಟ್ಟಿಗೆ ಹೂಡಿದ್ದರಲ್ಲಿ ಜಾಣತನವಿತ್ತು. ಪಶ್ಚಿಮ ತೀರದಲ್ಲಿ ಚಳಿಗಾಲದ ಬೆಳಗಿನ ಗಾಳಿ ನಂಬುವಂಥದ್ದಲ್ಲ, ಸ್ವಲ್ಪ ಹೊತ್ತು ಬೀಸಿ ಸತ್ತುಬಿಡುತ್ತದೆ. ಗಾಳಿ ಸತ್ತಾಗ ಎತ್ತರದ ಕಂಪನಿ ಹಡಗು ನೀರಿನ ಮೇಲೆ ಗೋಡೆಯಂತೆ ನಿಂತುಬಿಡುತ್ತಿತ್ತು. ಆಗ ಖಾರಿಯೊಳಗೆ ಅವಿತಿದ್ದ ಗಲಬತುಗಳು ಹುಟ್ಟು ಹಾಕುತ್ತ, ಹಗ್ಗ ಕಟ್ಟಿ ಗುರಾಬುಗಳನ್ನು ಎಳೆಯುತ್ತ ಹೊರಬರುತ್ತಿದ್ದವು. ಪಕ್ಕೆಯ ತೋಪುಗಳ ಎದುರಿಗೆ ಹೋಗುವ ಮೂರ್ಖತನವನ್ನು ಯಾರೂ ಮಾಡುತ್ತಿರಲಿಲ್ಲ. ಗುರಾಬು ಹಡಗಿನ ಹಿಂಬದಿಗೆ ಬಂದು, ಮೂತಿಯ ತೋಪಿನಿಂದ ಹಾಯಿಗೆ, ಕೂವೆಮರಕ್ಕೆ, ಚುಕ್ಕಾಣಿಗೆ ಹೊಡೆಯುತ್ತಿತ್ತು. ಹಡಗು ಕುಂಟಾದ ಮೇಲೆ ಗಲಬತುಗಳು ಸುತ್ತ ಮುತ್ತಿಕೊಳ್ಳುತ್ತಿದ್ದವು. ಗಾಳಿ ಎದ್ದು ಶತ್ರು ಬೆನ್ನಟ್ಟಿದರೆ ಮತ್ತೆ ಖಾರಿಯ ತಗ್ಗುನೀರು. ದೊಡ್ಡ ತಳದ ಹಡಗಿಗೆ ಅಲ್ಲಿ ದಾರಿಯಿಲ್ಲ. ನಡುಗಡಲಿನಲ್ಲಿ ಈ ಪಡೆ ಇಂಗ್ಲಿಷರ ಯುದ್ಧನೌಕೆಗಳಿಗೆ ಸಾಟಿಯಾಗುತ್ತಿರಲಿಲ್ಲ. ದಡ ಕಾಣುವಷ್ಟು ದೂರದಲ್ಲಿ ಅದನ್ನು ಸೋಲಿಸುವುದು ಕಷ್ಟವಿತ್ತು. ನಮ್ಮ ಖಾರ್ವಿಗಳಿಗೋ ಮೊಗವೀರರಿಗೋ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಡಗಿಗಿಂತ ದೊಡ್ಡ ಜಗಳ ಎದ್ದದ್ದು ಒಂದು ಕಾಗದದ ಮೇಲೆ. ಅದರ ಹೆಸರು ದಸ್ತಕು. ಆಂಗ್ರೆಯವರ ಕಡಲಲ್ಲಿ ಸರಕು ಸಾಗಿಸುವವರು ಸುಂಕ ಕಟ್ಟಿ ದಸ್ತಕು ಪಡೆಯಬೇಕು, ಇಲ್ಲದಿದ್ದರೆ ಹಡಗು ಜಪ್ತಿ. ಇದು ಅವರು ಹುಟ್ಟಿಸಿದ ಪದ್ಧತಿಯಲ್ಲ. ಪೋರ್ಚುಗೀಸರು ಅದಕ್ಕೂ ಇನ್ನೂರು ವರ್ಷ ಮೊದಲೇ ‘ಕಾರ್ತಾಜ್’ ಎಂಬ ಪರವಾನಗಿಯನ್ನು ನಮ್ಮ ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರಿನ ವರ್ತಕರ ಮೇಲೆ ತೋಪಿನ ಬಲದಿಂದ ಹೇರಿದ್ದರು. ಕಾರ್ತಾಜ್ ಇಲ್ಲದ ಹಡಗನ್ನು ಸುಟ್ಟಿದ್ದರು, ಮುಳುಗಿಸಿದ್ದರು. ಅದನ್ನು ಆಡಳಿತವೆಂದು ಬರೆದುಕೊಂಡವರೇ ಅದೇ ಕೆಲಸವನ್ನು ಈ ನೆಲದವನು ಮಾಡಿದಾಗ ದರೋಡೆ ಎಂದರು.

ಕಂಪನಿ ತನ್ನ ಹಡಗುಗಳಿಗೆ ದಸ್ತಕು ಬೇಡವೆಂದಿತು. ಅಷ್ಟನ್ನು ಕಾನ್ಹೋಜಿ 1713ರ ಒಪ್ಪಂದದಲ್ಲಿ ಸಹಿಸಿಕೊಂಡ. ಕ್ಯಾಥರಿನ್ ಬಿಡುಗಡೆಯಾದದ್ದೂ ಆ ಮಾತುಕತೆಯ ಹೊತ್ತಿಗೇ. ಆದರೆ ಮುಂಬಯಿಯ ದೇಶೀ ಸಾಹುಕಾರರು ತಮ್ಮ ಸರಕಿನ ಮೇಲೆ ಇಂಗ್ಲಿಷ್ ಬಾವುಟ ಹಾರಿಸಿ ಸುಂಕ ತಪ್ಪಿಸಿಕೊಳ್ಳತೊಡಗಿದಾಗ ಅವನು ಹಡಗು ಹಿಡಿದ. ಬಾವುಟ ಯಾರದೇ ಇರಲಿ, ಸರಕು ಯಾರದು ಎಂಬುದು ಅವನ ಪ್ರಶ್ನೆ. 1724ರಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಪರರ ಸೊತ್ತಿಗೆ ಕೈಹಾಕುವವರ ಬಾಳು ಉಳಿಯುವುದಿಲ್ಲವೆಂದು ಬುದ್ಧಿ ಹೇಳಿ ಬರೆದಾಗ, ಆ ಆಸೆಯಿಂದ ವರ್ತಕರೂ ಮುಕ್ತರಲ್ಲ, ಲೋಕ ನಡೆಯುವುದೇ ಹೀಗೆ ಎಂಬ ಅರ್ಥದ ಉತ್ತರ ಕೊಲಾಬಾದಿಂದ ಹೋಯಿತು.

ಈ ನಡುವೆ ಮರಾಠರ ಮನೆಯೊಳಗೇ ರಾಜಾರಾಮನ ಹೆಂಡತಿ ತಾರಾಬಾಯಿ ಮತ್ತು ಸಂಭಾಜಿಯ ಮಗ ಶಾಹು ನಡುವೆ ಸಿಂಹಾಸನದ ಕಾದಾಟ. ಕಾನ್ಹೋಜಿ ತಾರಾಬಾಯಿಯ ಕಡೆಗಿದ್ದ. 1713ರಲ್ಲಿ ಅವನನ್ನು ಮಣಿಸಲೆಂದು ಶಾಹು ಕಳಿಸಿದ ಪೇಶ್ವೆ ಬಹಿರೋಜಿ ಪಿಂಗಳೆ ತಾನೇ ಅವನ ಕೈಗೆ ಸಿಕ್ಕಿಬಿದ್ದ. ಆಮೇಲೆ ಬಂದವನು ಬಾಳಾಜಿ ವಿಶ್ವನಾಥ. ಕತ್ತಿಯ ಬದಲು ಮಾತಿನಿಂದ ಕೆಲಸ ಸಾಧಿಸಿದ. ಲೋಣಾವಳದ ಒಪ್ಪಂದದಲ್ಲಿ ಕಾನ್ಹೋಜಿ ಶಾಹುವಿನ ಪಕ್ಷಕ್ಕೆ ಬಂದ. ಸರಖೇಲ ಪಟ್ಟವೂ ಹತ್ತು ದೊಡ್ಡ ಕೋಟೆಗಳೂ ಹದಿನಾರು ಸಣ್ಣ ಠಾಣೆಗಳೂ ಅವನಲ್ಲೇ ಉಳಿದವು. ಪೇಶ್ವೆ ಮನೆತನದ ಏಳಿಗೆ ಮತ್ತು ಆಂಗ್ರೆ ಮನೆತನದ ಗಟ್ಟಿತನ ಎರಡೂ ಒಂದೇ ಒಪ್ಪಂದದಿಂದ ಹೊರಟವು. ನಲವತ್ತೆರಡು ವರ್ಷದ ನಂತರ ಏನಾಯಿತೆಂದು ಬಲ್ಲವರಿಗೆ ಈ ಜಾಗದಲ್ಲಿ ಮನಸ್ಸು ಭಾರವಾಗುತ್ತದೆ.

ಮುಂಬಯಿಗೆ 1715ರ ಕೊನೆಯಲ್ಲಿ ಗವರ್ನರನಾಗಿ ಬಂದ ಚಾರ್ಲ್ಸ್ ಬೂನ್ ಆಂಗ್ರೆಯನ್ನು ಮುಗಿಸಿಯೇ ತೀರುವ ಹಟ ತೊಟ್ಟಿದ್ದ. 1717ರಲ್ಲಿ ಆಂಗ್ರೆಯ ಕೋಟೆಯಾದ ವಿಜಯದುರ್ಗದ ಮೇಲೆ ಬಿದ್ದ. ಗೋಡೆ ಹತ್ತಲು ತಂದ ಏಣಿಗಳು ಮೋಟಾಗಿದ್ದವು. 1718ರಲ್ಲಿ ಮುಂಬಯಿ ಬಂದರಿನ ಬಾಯಲ್ಲೇ ಇರುವ ಖಾಂದೇರಿ ದ್ವೀಪ. ಅಲ್ಲೂ ಸೋಲು. 1720ರಲ್ಲಿ ‘ಫ್ರಾಮ್’ ಎಂಬ ತೇಲುವ ತೋಪುಮಂಚವನ್ನೇ ಕಟ್ಟಿಸಿ ಮತ್ತೆ ವಿಜಯದುರ್ಗಕ್ಕೆ ಕಳಿಸಿದ. ಅದರ ತೋಪುಕಿಂಡಿಗಳು ಎಷ್ಟು ತಗ್ಗಿನಲ್ಲಿದ್ದವೆಂದರೆ ಗುಂಡುಗಳು ಹತ್ತಿರದ ನೀರಿಗೇ ಬಿದ್ದವು. 1721ರಲ್ಲಿ ಪೋರ್ಚುಗೀಸರ ಜೊತೆಗೂಡಿ, ಇಂಗ್ಲೆಂಡಿನ ಅರಸನ ನೌಕೆಗಳೊಡನೆ ಬಂದ ಕಮೊಡೋರ್ ಥಾಮಸ್ ಮ್ಯಾಥ್ಯೂಸ್‌ನನ್ನು ಮುಂದಿಟ್ಟುಕೊಂಡು ಕೊಲಾಬಾ ಮುತ್ತಿಗೆ. ಅಷ್ಟರಲ್ಲಿ ಹರೆಯದ ಪೇಶ್ವೆ ಬಾಜಿರಾಯನ ಕುದುರೆಪಡೆ ಘಟ್ಟ ಇಳಿದು ಬಂತು. ಮ್ಯಾಥ್ಯೂಸ್ ತೊಡೆಗೆ ಭರ್ಜಿಯ ತಿವಿತ ತಿಂದು ಹಿಂದಿರುಗಿದ. ಪೋರ್ಚುಗೀಸರು ಬೇರೆಯೇ ಸಂಧಿ ಮಾಡಿಕೊಂಡರು. 1724ರಲ್ಲಿ ಡಚ್ಚರು ಏಳು ಹಡಗು ತಂದು ವಿಜಯದುರ್ಗದ ಮುಂದೆ ಅದೇ ಪಾಠ ಕಲಿತು ಹೋದರು.

ಕೊಲಾಬಾದ ಆ ದಿನ ನನಗೆ ಈ ಇಡೀ ಚರಿತ್ರೆಯ ನಡುಗಂಬದಂತೆ ಕಾಣುತ್ತದೆ. ಅಲೀಬಾಗಿನ ದಡದಿಂದ ಇಳಿತದ ಹೊತ್ತಿಗೆ ನಡೆದೇ ಆ ಕೋಟೆ ಸೇರಬಹುದು, ಉಬ್ಬರದಲ್ಲಿ ದೋಣಿ ಬೇಕು. ಕುದುರೆಗೂ ದೋಣಿಗೂ ಎರಡಕ್ಕೂ ಒದಗುವ ಜಾಗ ಅದು. ಕಡಲಿನವರೂ ನೆಲದವರೂ ಒಟ್ಟಿಗೆ ನಿಂತಾಗ ಯುರೋಪಿನ ಎರಡು ರಾಜ್ಯಗಳು ಸೇರಿದರೂ ಏನೂ ಮಾಡಲಾಗಲಿಲ್ಲ.

1729ರ ಜುಲೈ 4ರಂದು ಕಾನ್ಹೋಜಿ ತೀರಿಕೊಂಡ. ಹಿರಿಯ ಮಗ ಸೇಖೋಜಿ ಸರಖೇಲನಾದ. ಅಪ್ಪನಿಗೆ ತಕ್ಕ ಮಗ, ತಮ್ಮಂದಿರನ್ನು ಒಟ್ಟಿಗೆ ಹಿಡಿದಿಟ್ಟವನು. ಬಾಜಿರಾಯನ ಜೊತೆಗೂಡಿ ಜಂಜೀರೆಯ ಸಿದ್ದಿಯ ಮೇಲೆ ದಂಡು ಹೋಗಿದ್ದಾಗಲೇ, 1733ರಲ್ಲಿ, ಸತ್ತುಹೋದ. ಅವನು ಇನ್ನೊಂದು ಹತ್ತು ವರ್ಷ ಬದುಕಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಅವನ ಬೆನ್ನಿಗೇ ತಮ್ಮಂದಿರಾದ ಸಂಭಾಜಿ, ಮಾನಾಜಿ, ಯೇಸಾಜಿ, ತುಳಾಜಿ ನಡುವೆ ಪಾಲಿನ ಜಗಳ. ಮಾನಾಜಿ ಪೋರ್ಚುಗೀಸರ ನೆರವು ತಂದು ಕೊಲಾಬಾ ಹಿಡಿದ, ಒಡಹುಟ್ಟಿದ ಯೇಸಾಜಿಯ ಕಣ್ಣು ಕೀಳಿಸಿದ. ಅಪ್ಪ ಇಪ್ಪತ್ತು ವರ್ಷ ಹೊಡೆದಟ್ಟಿದವರನ್ನು ಮಗ ಅಂಗಳಕ್ಕೆ ಕರೆದ.

1735ರಲ್ಲಿ ಬಾಜಿರಾಯ ಪಂಚಾಯಿತಿ ಮಾಡಿದ. ಕೊಲಾಬಾ ಮಾನಾಜಿಗೆ, ವಜಾರತ್‌ಮಾಬ್ ಎಂಬ ಹೊಸ ಬಿರುದಿನೊಂದಿಗೆ. ಸುವರ್ಣದುರ್ಗ, ವಿಜಯದುರ್ಗ ಮತ್ತು ಸರಖೇಲ ಪಟ್ಟ ಸಂಭಾಜಿಗೆ. ಹೊಲವಾದರೆ ಬದು ಹಾಕಿ ಹಂಚಬಹುದು. ಹಡಗುಪಡೆಯನ್ನು ಹಂಚಿದರೆ ಅರ್ಧ ಹಡಗುಪಡೆ ಉಳಿಯುವುದಿಲ್ಲ, ಒಂದನ್ನೊಂದು ಕಾಯುವ ಎರಡು ಹಗೆಗಳು ಉಳಿಯುತ್ತವೆ. ಪೇಶ್ವೆಗೆ ಇದು ತಿಳಿಯದ್ದೇನಲ್ಲ. ತಿಳಿದೇ ಮಾಡಿದ ಎಂದು ನನ್ನ ಅನಿಸಿಕೆ, ಒಂದಾದ ಆಂಗ್ರೆ ಮನೆತನ ಪುಣೆಗೆ ಬಗ್ಗುವಂಥದ್ದಾಗಿರಲಿಲ್ಲ.

ಒಡೆದರೂ ಬಲ ಕುಂದಲು ಕಾಲ ಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಭಾಜಿಯ ನೌಕೆಗಳು ಇಂಗ್ಲೆಂಡಿನಿಂದ ಮುಂಬಯಿಗೆ ಹಣ ಹೊತ್ತು ಬರುತ್ತಿದ್ದ ‘ಡರ್ಬಿ’ ಎಂಬ ದೊಡ್ಡ ಹಡಗನ್ನೇ ಹಿಡಿದವು. ಸಂಭಾಜಿಯ ನಂತರ ಬಂದ ತುಳಾಜಿ ಅಪ್ಪನಷ್ಟೇ ಗಟ್ಟಿಗ, ಆದರೆ ಅಪ್ಪನಿಗಿದ್ದ ತಾಳ್ಮೆ ಅವನಿಗಿರಲಿಲ್ಲ. ಸಿದ್ದಿಯಿಂದ ಅಂಜನವೇಲ ಕಿತ್ತುಕೊಂಡ. 1749ರಲ್ಲಿ ಮುಂಬಯಿ ಪಡೆಯ ‘ರೆಸ್ಟೊರೇಶನ್’ ಎಂಬ ಯುದ್ಧನೌಕೆಯನ್ನೇ ಸೆರೆಹಿಡಿದು ತನ್ನ ಪಡೆಗೆ ಸೇರಿಸಿಕೊಂಡ. 1754ರಲ್ಲಿ ಡಚ್ಚರ ಹಡಗುಗಳನ್ನು ಸುಟ್ಟ. ಕೆಳದಿ ಅರಸರ ಬಂದರುಗಳಿಗೂ ಅವನ ಬಿಸಿ ತಟ್ಟಿತು. ಹಾಗಾಗಿ ಕನ್ನಡ ಕರಾವಳಿಯ ವರ್ತಕನ ಕಣ್ಣಿನಲ್ಲಿ ಆಂಗ್ರೆ ಎಂದರೆ ಅಭಿಮಾನದ ಹೆಸರಾಗಿರಲಿಲ್ಲ, ಅಂಜಿಕೆಯ ಹೆಸರು. ಅದೂ ಹೇಳಬೇಕಾದ ಮಾತೇ. ಪುಣೆಗೆ ಕೊಡಬೇಕಾದ ಕಪ್ಪವನ್ನು ತುಳಾಜಿ ನಿಲ್ಲಿಸಿದ, ಪೇಶ್ವೆಯ ಮಾತನ್ನು ಕಡೆಗಣಿಸಿದ.

ಪೇಶ್ವೆ ನಾನಾಸಾಹೇಬ ಅದಕ್ಕೆ ಆರಿಸಿಕೊಂಡ ಮದ್ದು ರೋಗಕ್ಕಿಂತ ಕೆಟ್ಟದ್ದು. 1755ರ ಮಾರ್ಚಿನಲ್ಲಿ ಅವನ ಕೊಂಕಣದ ಅಧಿಕಾರಿ ರಾಮಾಜಿ ಮಹಾದೇವ ಮುಂಬಯಿಯ ಇಂಗ್ಲಿಷರೊಡನೆ ಕರಾರು ಮಾಡಿಕೊಂಡ. ಏಪ್ರಿಲ್ ಮೊದಲ ದಿನಗಳಲ್ಲೇ ಕಮೊಡೋರ್ ವಿಲಿಯಂ ಜೇಮ್ಸ್ ತುಕೋಜಿಯ ಹಳೆಯ ಠಾಣೆಯಾದ ಸುವರ್ಣದುರ್ಗವನ್ನು ಗೆದ್ದ. ಲಂಡನ್ನಿನ ಶೂಟರ್ಸ್ ಹಿಲ್ ಎಂಬ ಗುಡ್ಡದ ಮೇಲೆ ಅವನ ಹೆಂಡತಿ 1784ರಲ್ಲಿ ಗಂಡನ ನೆನಪಿಗೆ ಕಟ್ಟಿಸಿದ ಗೋಪುರವಿದೆ. ಅದರ ಹೆಸರು ‘ಸೆವರ್ನ್‌ಡ್ರೂಗ್’. ಹರ್ಣೈ ಎದುರಿನ ಸುವರ್ಣದುರ್ಗವೇ ಇಂಗ್ಲಿಷರ ನಾಲಗೆಯಲ್ಲಿ ಹಾಗಾಗಿ ಅಲ್ಲಿ ನಿಂತಿದೆ.

ಉಳಿದದ್ದು ವಿಜಯದುರ್ಗ. 1756ರ ಫೆಬ್ರವರಿಯಲ್ಲಿ ಅಡ್ಮಿರಲ್ ಚಾರ್ಲ್ಸ್ ವಾಟ್ಸನ್ ತನ್ನ ನೌಕೆಗಳನ್ನೂ ರಾಬರ್ಟ್ ಕ್ಲೈವ್ ತನ್ನ ದಂಡನ್ನೂ ತಂದು ವಾಘೋಟಣ ಹೊಳೆಯ ಅಳಿವೆಯಲ್ಲಿ ನಿಂತರು. ಕೊಳ್ಳೆಯಲ್ಲಿ ಮರಾಠರಿಗೆ ಪಾಲು ಕೊಡಕೂಡದೆಂದು ಮುಂಬಯಿ ಬಿಡುವ ಮುನ್ನವೇ ಅವರು ತಮ್ಮತಮ್ಮಲ್ಲಿ ಹಂಚಿಕೆ ಬರೆದುಕೊಂಡಿದ್ದರು. ನೆಲದ ಕಡೆಯಿಂದ ಪೇಶ್ವೆಯ ಸೈನ್ಯ ಸುತ್ತುಗಟ್ಟಿತ್ತು. ತುಳಾಜಿ ಸಂಧಿಯ ಮಾತಿಗೆಂದು ಮರಾಠರ ಪಾಳೆಯಕ್ಕೆ ಹೋಗಿ ಅಲ್ಲೇ ಸಿಕ್ಕಿಬಿದ್ದ.

ಫೆಬ್ರವರಿ 12ರ ಮಧ್ಯಾಹ್ನ ತೋಪುಗಳು ಹಾರತೊಡಗಿದವು. ಕೋಟೆಯ ಬುಡದಲ್ಲಿ ಆಂಗ್ರೆಯವರ ಹಡಗುಗಳೆಲ್ಲ ಒಂದಕ್ಕೊಂದು ಕಟ್ಟಿ ಲಂಗರು ಹಾಕಿದ್ದವು. ಒಂದು ಬೆಂಕಿಗುಂಡು ಬಂದು ‘ರೆಸ್ಟೊರೇಶನ್’ ಮೇಲೆ ಬಿತ್ತು, ಏಳು ವರ್ಷದ ಹಿಂದೆ ತುಳಾಜಿ ಗೆದ್ದು ತಂದಿದ್ದ ಅದೇ ಹಡಗಿನ ಮೇಲೆ. ಅಲ್ಲಿಂದ ಬೆಂಕಿ ಹಗ್ಗದಿಂದ ಹಗ್ಗಕ್ಕೆ, ಹಾಯಿಯಿಂದ ಹಾಯಿಗೆ ಹಾರಿತು. ಗುರಾಬುಗಳು, ಗಲಬತುಗಳು, ದಡದಲ್ಲಿ ಇನ್ನೂ ಕಟ್ಟುತ್ತಿದ್ದ ಹೊಸ ಹಡಗುಗಳು ಕತ್ತಲಾಗುವ ಹೊತ್ತಿಗೆ ಉರಿದು ಹೋದವು. ಮರುದಿನ ಕೋಟೆ ಬಿತ್ತು. ಸಿಕ್ಕ ಹಣ ಸುಮಾರು ಹತ್ತು ಲಕ್ಷ ರೂಪಾಯಿ, ಬರೆದುಕೊಂಡ ಪ್ರಕಾರವೇ ಹಂಚಿಹೋಯಿತು. ಪೇಶ್ವೆಗೆ ತನ್ನದೇ ಕೋಟೆಯನ್ನು ಇಂಗ್ಲಿಷರ ಕೈಯಿಂದ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಚೌಕಾಸಿ ಮಾಡಬೇಕಾಯಿತು, ಬದಲಿಗೆ ಬಾಣಕೋಟ ತೆರಬೇಕಾಯಿತು. ವಾಟ್ಸನ್ ಮತ್ತು ಕ್ಲೈವ್ ಮರುವರ್ಷದ ಜನವರಿಗೆ ಕಲ್ಕತ್ತೆಯಲ್ಲಿದ್ದರು, ಜೂನ್‌ನಲ್ಲಿ ಪ್ಲಾಸಿ.

ಕೊಲಾಬಾದ ಮಾನಾಜಿಯ ಕವಲು ಇನ್ನೂ ಬಹಳ ಕಾಲ ಉಳಿಯಿತು. ಅವನ ಮಗ ರಘೂಜಿ 1793ರವರೆಗೆ ಆಳಿದ. ಆಮೇಲೆ ಸಂಸ್ಥಾನ ಸಣ್ಣದಾಗುತ್ತ, ಗಂಡು ಸಂತಾನವಿಲ್ಲವೆಂಬ ಕಾರಣಕ್ಕೆ 1840ರಲ್ಲಿ ಕಂಪನಿಯ ಪಾಲಾಯಿತು. ವಿಜಯದುರ್ಗದಲ್ಲಿ ಪೇಶ್ವೆಯ ನೌಕೆಗಳನ್ನು ಧುಲಪ ಎಂಬ ಇನ್ನೊಂದು ಮನೆತನ ನೋಡಿಕೊಂಡಿತು. ಆನಂದರಾವ್ ಧುಲಪ 1783ರಲ್ಲಿ ಇಂಗ್ಲಿಷರ ‘ರೇಂಜರ್’ ಹಡಗನ್ನು ಹಿಡಿದದ್ದೂ ಉಂಟು. ಆದರೂ ಕಂಪನಿಯವರು ಲಂಗರು ಎತ್ತುವ ಮುನ್ನ ನೆನೆಯಬೇಕಾದ ಹೆಸರು ಆ ತೀರದಲ್ಲಿ ಮತ್ತೆ ಹುಟ್ಟಲಿಲ್ಲ.

ಸ್ವತಂತ್ರ ಭಾರತದ ನೌಕಾಪಡೆ 1951ರಲ್ಲಿ ಮುಂಬಯಿಯ ತನ್ನ ದಡದ ನೆಲೆಗೆ ‘ಐಎನ್‌ಎಸ್ ಆಂಗ್ರೆ’ ಎಂದು ಹೆಸರಿಟ್ಟಿತು. ನೆಲೆ ಇರುವುದು ಹಳೆಯ ಬಾಂಬೆ ಕ್ಯಾಸಲ್ಲಿನ ಜಾಗದಲ್ಲಿ, ಬೂನ್ ಮತ್ತು ಫಿಪ್ಸ್‌ರ ಕಾಲದ ಕಂಪನಿ ಕೋಟೆಯಲ್ಲಿ. ಬೂನ್ ಗೆಲ್ಲಲಾಗದ ಖಾಂದೇರಿ ಈಗ ಕಾನ್ಹೋಜಿ ಆಂಗ್ರೆ ದ್ವೀಪ.

ತುಳಾಜಿಯನ್ನು ಪೇಶ್ವೆಯವರು ಬೇಡಿ ಹಾಕಿ ಒಳನಾಡಿನ ಕೋಟೆಗಳಲ್ಲಿ ಇಟ್ಟರು. ಮತ್ತೆಂದೂ ಬಿಡಲಿಲ್ಲ. ಸೆರೆಯಲ್ಲೇ ಸತ್ತ. ಅವನು ಸೆರೆಯಾದ ಕೆಲವು ವರ್ಷಗಳ ಬಳಿಕ ಅವನ ಇಬ್ಬರು ಗಂಡುಮಕ್ಕಳು, ಕಾನ್ಹೋಜಿಯ ಮೊಮ್ಮಕ್ಕಳು, ಹೇಗೋ ಕಾವಲು ತಪ್ಪಿಸಿಕೊಂಡು ಓಡಿದರು. ಆಸರೆ ಕೇಳಿಕೊಂಡು ಅವರು ಬಂದು ನಿಂತದ್ದು ಮುಂಬಯಿಯಲ್ಲಿ, ಇಂಗ್ಲಿಷರ ಬಾಗಿಲಲ್ಲಿ. ಇಂಗ್ಲಿಷರು ಅವರನ್ನು ಒಳಗೆ ಸೇರಿಸಿಕೊಂಡರು.